ಬೇರೆ ಯಾವ ಕಾರಣಕ್ಕೂ ಅಲ್ಲ

ತಣ್ಣಗಿದೆ ಈ ಬೆಂಚು, ಸ್ಕರ್ಟಿನ ಬಟ್ಟೆ ದಾಟಿ ತೊಡೆಗೆ ನಾಟುವಷ್ಟು ತಣ್ಣಗೆ, ಹೊರಗೆ ಬೆಳಗಿನ ಎಂಟೂವರೆಗೇ ಡಾಂಬರು ಮೆತ್ತಗಾಗುತ್ತಿರುವಾಗ ಕೋರ್ಟಿನವರು ಈ ಕಾರಿಡಾರನ್ನು ಮಾಂಸದ ಉಗ್ರಾಣದ ಹಾಗೆ ಯಾಕಿಟ್ಟಿರುತ್ತಾರೋ, ಮೇಲೆ ಎಸಿ ಗಾಳಿ ಬರುವ ಕಿಂಡಿಗೆ ಯಾರೋ ಕಟ್ಟಿದ ಹಳದಿ ರಿಬ್ಬನ್ನು ಪಟಪಟ ಹೊಡೆದುಕೊಳ್ಳುತ್ತಿದೆ, ಸೆಕೆಂಡಿಗೆ ನಾಲ್ಕು ಸಲ, ಅಲ್ಲ, ಐದು — ಎಣಿಸಬೇಡ, ಮಾರ್ಲಾ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಎಣಿಸುವಾಗ ನಿಮ್ಮ ತುಟಿ ಅಲ್ಲಾಡ್ತದೆ ಅಂದಿದ್ದರು ವಕೀಲೆ ಎಸ್ಟ್ರಾಡಾ, ಏನೋ ಲೆಕ್ಕಾಚಾರ ಹಾಕೋ ಹೆಂಗಸಿನ ಹಾಗೆ ಕಾಣ್ತೀರ, ಜನರ ಮುಂದೆ ಬೇಡ. ತುಟಿ ಬಿಗಿದುಕೊಂಡರೆ ಒಡೆದ ಚರ್ಮ ಉರಿಯುತ್ತದೆ, ಬೆಳಗ್ಗೆ ಸ್ವಲ್ಪ ಮುಲಾಮು ಸವರಿಕೊಂಡದ್ದು, ಎದುರಿನ ಬೆಂಚಿನ ಇಬ್ಬರು ಹೆಂಗಸರು ಅದನ್ನೇ ನೋಡುತ್ತಿದ್ದಾರೆ, ಇನ್ಯಾವುದೋ ಕೇಸಿಗೆ ಬಂದವರು, ಅವಳೇ ಅಲ್ವೇನೇ, ಅವಳೇ ಕಣೆ, ಆ ಸೈನ್ಸ್ ಟೀಚರ್ರು, ನೋಡು, ಲಿಪ್‌ಸ್ಟಿಕ್ ಬೇರೆ ಕೇಡು. ಪಕ್ಕದಲ್ಲಿ ರಾಯ್ಸ್ ಕೂತಿದ್ದಾನೆ, ಟೋಪಿಯನ್ನು ಮೊಣಕಾಲಿಗೆ ಹಾಕಿಕೊಂಡು, ಮಗನ ಮಣ್ಣಿಗೆ ಹಾಕಿದ್ದ ಅದೇ ಸೂಟು, ಅವನ ಹತ್ತಿರ ಇರುವುದೇ ಅದೊಂದು, ಎಷ್ಟು ತೊಳೆದರೂ ಪಂಪಿನ ಗ್ರೀಸು ಬಿಡದ ಅವನ ಉಗುರುಗಳು ಟೋಪಿಯ ಅಂಚನ್ನು ಸುತ್ತುತ್ತಿವೆ, ಸುತ್ತುತ್ತಿವೆ. ಜಡ್ಜ್ ಕೇಳಿದಾಗ ಒಂದೇ ಒಂದು ಮಾತು ಹೇಳು ಹನಿ, ಅನ್ನುತ್ತಾನೆ, ನಾನು ತಪ್ಪು ಮಾಡಿಲ್ಲ ಅಂತ, ಜೋರಾಗಿ ಹೇಳು, ಮಿಕ್ಕಿದ್ದು ಹನ್ನೆರಡು ಜನ ಜೂರಿ ನೋಡ್ಕೋತಾರೆ. ಹೂಂ ಎಂದಳು. ಹೂಂ ಎಂದದ್ದು ಸುಳ್ಳು. ಎಸ್ಟ್ರಾಡಾ ಅವರ ಚರ್ಮದ ಚೀಲದಲ್ಲಿ ಎರಡು ಕಾಗದಗಳಿವೆ, ಒಂದಕ್ಕೆ ಅವಳು ನಿನ್ನೆ ಸಂಜೆಯೇ ಸಹಿ ಹಾಕಿದ್ದಾಳೆ, ಯಾವುದಕ್ಕೆ ಎಂದು ರಾಯ್ಸ್‌ಗೆ ಗೊತ್ತಿಲ್ಲ.

ಕಳೆದ ವರ್ಷ ಇದೇ ತಿಂಗಳು, ಶಾಲೆ ತೆರೆಯುವ ಮುಂಚಿನ ವಾರ, ಮಕ್ಕಳಿನ್ನೂ ಬಾರದ, ಟೀಚರುಗಳು ಮಾತ್ರ ಹೋಗಿ ಕೋಣೆ ಜೋಡಿಸಿಕೊಳ್ಳುವ ವಾರ. ವೆಸ್ಲಿಯನ್ನು ಡೇಕೇರಿಗೆ ಬಿಡುವುದು ದಿನವೂ ರಾಯ್ಸ್‌ನ ಕೆಲಸ, ಆವತ್ತು ಯಾವುದೋ ಡೈರಿಯಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟು, ಮುನ್ನೂರು ಹಸುಗಳು ಬಾಯಾರಿ ಕೂಗುತ್ತಿವೆ ಎಂದು ಫೋನು, ಐದಕ್ಕೇ ಎದ್ದು ಹೋಗಿದ್ದ, ಇವತ್ತೊಂದಿನ ನೀನು ಬಿಡ್ತೀಯಾ ಹನಿ, ಬಿಡ್ತೀನಿ ಹೋಗು, ಅದರಲ್ಲೇನಿದೆ. ಎರಡು ವರ್ಷ ಎರಡು ತಿಂಗಳ ಹುಡುಗ, ಕೈಯಲ್ಲಿ ಅರ್ಧ ಬಾಳೆಹಣ್ಣು, ಹಿಂದಿನ ಸೀಟಿನಲ್ಲಿ ಬೆನ್ನು ಅವಳ ಕಡೆಗೆ, ಮುಖ ಹಿಂದಿನ ಗಾಜಿನ ಕಡೆಗೆ, ಮಕ್ಕಳ ಸೀಟನ್ನು ಹಾಗೇ ಕೂರಿಸಬೇಕು, ಅದೇ ಸುರಕ್ಷಿತ, ಅವಳೇ ಅಂಕಿಅಂಶ ಓದಿ ರಾಯ್ಸ್‌ನ ಹತ್ತಿರ ಹಟ ಹಿಡಿದು ಕೂರಿಸಿದ್ದು, ಕನ್ನಡಿಯಲ್ಲಿ ಕಾಣುವುದು ಸೀಟಿನ ಬೂದು ಬೆನ್ನು ಮಾತ್ರ, ಒಳಗೆ ಮಗು ಇದ್ದರೂ ಅದೇ ಬೆನ್ನು, ಇಲ್ಲದಿದ್ದರೂ ಅದೇ ಬೆನ್ನು. ಟಕ್ಕು, ಅಮ್ಮಾ ದೊಡ್ ಟಕ್ಕು, ಎನ್ನುತ್ತಿದ್ದವನು ರೈಲುಹಳಿ ದಾಟುವಷ್ಟರಲ್ಲಿ ಸುಮ್ಮನಾದ, ನಿದ್ದೆ. ಜೋಳ ತುಂಬಿಡುವ ಗೋಪುರದ ಪಕ್ಕದ ಸಿಗ್ನಲ್ಲು, ಬಲಕ್ಕೆ ಹೋದರೆ ಡೇಕೇರು, ಎಡಕ್ಕೆ ಶಾಲೆ, ಹನ್ನೊಂದು ವರ್ಷ ಎಡಕ್ಕೆ ತಿರುಗಿದ ಕೈ ಎಡಕ್ಕೇ ತಿರುಗಿತು. ಅಷ್ಟೇ. ಎಲ್ಲರೂ ಕೇಳುವುದು ಆ ಅಷ್ಟೇ ಎಂಬುದರೊಳಗೆ ಏನಿತ್ತು ಎಂದು, ಅದರೊಳಗೆ ಏನೂ ಇರಲಿಲ್ಲ, ಏನೂ ಇಲ್ಲದ್ದನ್ನು ಹೇಗೆ ತೋರಿಸುವುದು. ಡೇಕೇರಿನವರು ಫೋನು ಮಾಡಲಿಲ್ಲ, ಅಪ್ಪ ಬಾವಿ ಕೆಲಸಕ್ಕೆ ಹೋದ ದಿನ ಮಗು ಅಜ್ಜಿಯ ಮನೆಯಲ್ಲಿರುವುದು ಉಂಟು ಎಂದುಕೊಂಡರಂತೆ. ಮಧ್ಯಾಹ್ನ ಮಾರ್ಲಾ ಶಾಲೆಯಲ್ಲಿ ಮೀನಿನ ಸ್ಯಾಂಡ್‌ವಿಚ್ ತಿಂದಳು, ಚೆನ್ನಾಗಿತ್ತು, ಅದನ್ನು ಮರೆಯಲಾಗುವುದಿಲ್ಲ, ಚೆನ್ನಾಗಿತ್ತು ಎಂಬುದನ್ನು. ಡೇಕೇರಿನ ಬಾಗಿಲಲ್ಲಿ ಅವನು ಕೈಬೀಸಿದ ಚಿತ್ರ ಆಗ ಅವಳ ತಲೆಯಲ್ಲಿ ಸ್ಪಷ್ಟವಾಗಿ ಇತ್ತು, ಆವತ್ತಿನದೇ ಎಂಬಷ್ಟು ಸ್ಪಷ್ಟ, ಯಾವತ್ತಿನದೋ ಕೈಯನ್ನು ಮಿದುಳು ತಂದು ಖಾಲಿ ಜಾಗಕ್ಕೆ ಅಂಟಿಸಿ ಕೆಲಸ ಮುಗಿಯಿತು ಎಂದುಬಿಟ್ಟಿತ್ತು. ಮೂರೂ ಇಪ್ಪತ್ತಕ್ಕೆ ಗಾಜಿನ ಪಾತ್ರೆಗಳ ಪೆಟ್ಟಿಗೆ ಇಡಲು ಕಾರಿನ ಹಿಂದಿನ ಬಾಗಿಲು ತೆಗೆದಳು.

ಬೇಡ, ಅಲ್ಲಿಂದಾಚೆ ಬೇಡ, ರಿಬ್ಬನ್ನು ನೋಡು. ಗೋಡೆಯ ಗಡಿಯಾರದಲ್ಲಿ ಎಂಟೂ ನಲವತ್ತು. ಪೊಲೀಸು ಅಧಿಕಾರಿ ಆವತ್ತು ಸಂಜೆ ಪುಟ್ಟ ಕೋಣೆಯಲ್ಲಿ ಕೂರಿಸಿ ಕ್ಯಾಮೆರಾ ಹಚ್ಚಿ ನಿಧಾನಕ್ಕೆ ಕೇಳಿದ, ಕಾರಿನೊಳಗೆ ಎಷ್ಟು ಬಿಸಿ ಆಗ್ತದೆ ಅಂತ ನಿಮಗೆ ಅಂದಾಜಿತ್ತಾ ಮ್ಯಾಮ್, ಅವಳ ಬಾಯಿ ಅವಳನ್ನು ಕೇಳದೆ ಉತ್ತರ ಕೊಟ್ಟಿತು, ಮೊದಲ ಹತ್ತು ನಿಮಿಷಕ್ಕೆ ಹತ್ತೊಂಬತ್ತು ಡಿಗ್ರಿ ಏರ್ತದೆ, ಇಪ್ಪತ್ತು ನಿಮಿಷಕ್ಕೆ ಇಪ್ಪತ್ತೊಂಬತ್ತು, ಅರ್ಧ ಗಂಟೆಗೆ ಮೂವತ್ನಾಲ್ಕು, ಆಮೇಲೆ ಗ್ರಾಫು ಬಾಗ್ತದೆ, ಫ್ಯಾರನ್‌ಹೀಟು. ಯಾಕೆಂದರೆ ಪ್ರತಿ ಮೇ ತಿಂಗಳು ಏಳನೇ ಕ್ಲಾಸಿನ ಮಕ್ಕಳನ್ನು ಶಾಲೆಯ ಅಂಗಳಕ್ಕೆ ಕರೆದೊಯ್ದು, ತನ್ನದೇ ಕಾರಿನಲ್ಲಿ ಎಂಟು ಥರ್ಮಾಮೀಟರು ಇಟ್ಟು, ಗಾಜು ಏರಿಸಿ, ನಿಮಿಷ ನಿಮಿಷಕ್ಕೂ ಬರೆಸುತ್ತಿದ್ದಳು, ನೋಡಿ ಮಕ್ಕಳೇ, ಬೆಳಕು ಒಳಗೆ ಬರ್ತದೆ, ಶಾಖಕ್ಕೆ ಹೊರಗೆ ಹೋಗೋ ದಾರಿ ಇಲ್ಲ, ಅದಕ್ಕೇ ನಾಯಿಮರೀನೂ ಬಿಡಬಾರದು, ತಮ್ಮ ತಂಗೀನೂ ಬಿಡಬಾರದು. ನಲವತ್ತೊಂದು ನಿಮಿಷದ ಆ ಪೊಲೀಸು ವಿಡಿಯೊದಿಂದ ಐವತ್ತು ಸೆಕೆಂಡು ಹೇಗೋ ಹೊರಗೆ ಬಿದ್ದು ಊರಿನ ಫೋನುಗಳಲ್ಲೆಲ್ಲ ಓಡಾಡಿತು, ಒಣಗಿದ ಕಣ್ಣಿನ ಹೆಂಗಸೊಬ್ಬಳು ಪಾಠ ಒಪ್ಪಿಸುವಂತೆ ಡಿಗ್ರಿ ಹೇಳುತ್ತಿರುವ ಐವತ್ತು ಸೆಕೆಂಡು, ಅದರ ಪಕ್ಕಕ್ಕೆ ಶಾಲೆಯ ವಾರ್ಷಿಕ ಪುಸ್ತಕದ ಫೋಟೊ, ಅದೇ ಕಾರಿಗೆ ಒರಗಿ ಥರ್ಮಾಮೀಟರು ಎತ್ತಿ ಹಿಡಿದು ನಗುತ್ತಿರುವ ಮಾರ್ಲಾ. ರಿಹರ್ಸಲ್ ಮಾಡಿದಾಳೆ ಕಣ್ರೀ. ಒಂದು ಹನಿ ಕಣ್ಣೀರಿಲ್ಲ. ನನ್ನ ಮಕ್ಕಳನ್ನ ನಾನು ಒಂದಿನವೂ ಮರೆತಿಲ್ಲಪ್ಪ. ಫೋನು ಮರೀತೀವಾ, ಪರ್ಸು ಮರೀತೀವಾ, ಹೆತ್ತ ಕೂಸನ್ನ ಮರೀತಾರಾ. ಅವಳಿಗೂ ಹಾಗೇ ಅನ್ನಿಸುತ್ತಿತ್ತು, ಅದೇ ತಮಾಷೆ, ಹಿಂದಿನ ವರ್ಷ ಎಲ್ಲೋ ಯಾರೋ ಅಪ್ಪ ಹೀಗೆ ಮಾಡಿದ ಸುದ್ದಿ ಓದಿ ಪೇಪರು ಮಡಚಿಡುತ್ತಾ ಅವಳೂ ಇದನ್ನೇ ಅಂದಿದ್ದಳು. ಮಣ್ಣು ಮಾಡಿ ಬಂದ ದಿನ ಅಡುಗೆಮನೆಯ ಕಟ್ಟೆ ತುಂಬ ಗಾಜಿನ ಚೌಕ ಬೋಗುಣಿಗಳು, ಊರಿನ ಪದ್ಧತಿ, ಸಾವಿನ ಮನೆಯಲ್ಲಿ ಒಲೆ ಹಚ್ಚಿಸಬಾರದು, ಚೀಸು ಕೋಳಿ ಆಲೂಗಡ್ಡೆ, ಪ್ರತಿಯೊಂದರ ತಳಕ್ಕೂ ಕಾಗದದ ಪಟ್ಟಿಯಲ್ಲಿ ತಂದವರ ಹೆಸರು, ತಿಂಗಳು ಬಿಟ್ಟು ತೊಳೆದು ಹಿಂದಿರುಗಿಸುವುದು, ಆಗ ಕೂತು ಅತ್ತು ಕಾಫಿ ಕುಡಿಯುವುದು. ಐವತ್ತು ಸೆಕೆಂಡು ಹೊರಬಿದ್ದ ಮಾರನೆಯ ದಿನವೇ ಚರ್ಚಿನ ವಾಂಡಾ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು, ಹೊಸಿಲು ದಾಟದೆ, ನಿಮ್ಮಿಬ್ಬರಿಗೂ ಪ್ರಾರ್ಥನೆ ಮಾಡ್ತಾನೇ ಇದೀವಿ ಕಣಮ್ಮಾ, ನನ್ನ ನೀಲಿ ಬೋಗುಣಿ ಖಾಲಿಯಾಗಿದ್ರೆ ಕೊಡ್ತೀಯಾ, ಖಾಲಿಯಾಗಿರಲಿಲ್ಲ, ಪರವಾಗಿಲ್ಲ ಕೊಡು, ಅದರಲ್ಲಿದ್ದದ್ದರ ಸಮೇತ ತಗೊಂಡು ಹೋದಳು, ಮೂರು ದಿನದಲ್ಲಿ ಹನ್ನೊಂದೂ ಹೋದವು, ಕಟ್ಟೆಯ ಮೇಲೆ ಹನ್ನೊಂದು ಚೌಕ ಗುರುತು ಉಳಿದವು.

ರಾಯ್ಸ್ ಮಾತ್ರ ಒಂದು ದಿನವೂ ಕೇಳಲಿಲ್ಲ. ಯಾಕೆ ಮರೆತೆ ಎಂದು ಕೇಳಲಿಲ್ಲ, ಹೋಗು ಎನ್ನಲಿಲ್ಲ, ನಾನು ಆ ಹಾಳು ಮೋಟಾರಿಗೆ ಹೋಗದೇ ಇದ್ದಿದ್ದರೆ ಎಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದ. ಅವನು ಕೇಳಿದ್ದು ಬೇರೊಂದು, ಹಲ್ಲುಜ್ಜುವಾಗ, ಬೂಟು ಕಟ್ಟುವಾಗ, ವಾರಕ್ಕೊಮ್ಮೆ ಹತ್ತು ದಿನಕ್ಕೊಮ್ಮೆ, ಮುಖ ಆಚೆ ತಿರುಗಿಸಿಕೊಂಡು — ಅವನು ಎದ್ದಿರಲಿಲ್ಲ ಅಲ್ವಾ ಮಾರ್ಲಾ, ಕಾರಲ್ಲಿ ಮಲಗಿದ್ರೆ ಗುಡುಗಿದ್ರೂ ಏಳ್ತಿರಲಿಲ್ಲ ನಮ್ಮ ವೆಸ್, ನಿದ್ದೇಲೇ ಆಗಿದ್ದು, ಅಲ್ವಾ. ಹೌದು, ನಿದ್ದೇಲೇ. ಗೊತ್ತು ನಂಗೆ, ಸುಮ್ನೆ ಕೇಳ್ದೆ. ಆ ಒಂದು ಹೌದಿನ ಮೇಲೆ ಅವನು ಎದ್ದು ಬೂಟು ಹಾಕಿಕೊಂಡು ಬಾವಿಗಳಿಗೆ ಹೋಗುತ್ತಾನೆ, ಆ ಒಂದು ಹೌದಿನ ಮೇಲೆ ಅನ್ನ ನುಂಗುತ್ತಾನೆ, ಅದನ್ನು ಎಳೆದರೆ ಇಡೀ ಮನುಷ್ಯ ಕುಸಿಯುತ್ತಾನೆ. ಮಕ್ಕಳ ಸೀಟಿಗೆ ಎರಡು ಬಂಧ, ಎದೆಯ ಹತ್ತಿರ ಕಪ್ಪು ಕೊಕ್ಕೆ, ಹೊಟ್ಟೆಯ ಕೆಳಗೆ ಕೆಂಪು ಗುಂಡಿ. ಜುಲೈನಲ್ಲಿ ವೆಸ್ಲಿ ಮೇಲಿನ ಕೊಕ್ಕೆ ಬಿಚ್ಚುವುದನ್ನು ಕಲಿತ, ತಾನೇ, ಯಾರೂ ಹೇಳಿಕೊಡದೆ, ನಾಲಿಗೆ ಹೊರಗೆ ಚಾಚಿ, ಎರಡು ಕೈಯಲ್ಲೂ ಹಿಂಡಿ, ಟಿಕ್ ಎಂದಾಗ ಅವನೇ ಬೆಚ್ಚಿ ಆಮೇಲೆ ನಕ್ಕ, ಅವಳು ಚಪ್ಪಾಳೆ ತಟ್ಟಿದಳು. ಕೆಳಗಿನದು ಆಗುವುದಿಲ್ಲ, ಆ ಗುಂಡಿ ಒತ್ತಲು ಒಂಬತ್ತರಿಂದ ಹದಿನಾಲ್ಕು ಪೌಂಡು ಬಲ ಬೇಕು, ಮಕ್ಕಳ ಕೈಗೆ ಸಾಗಬಾರದು ಎಂದೇ ಅಷ್ಟು ಇಟ್ಟಿರುತ್ತಾರೆ. ಮೂರೂ ಇಪ್ಪತ್ತಕ್ಕೆ ಬಾಗಿಲು ತೆಗೆದಾಗ ಮೇಲಿನ ಕೊಕ್ಕೆ ತೆರೆದಿತ್ತು. ಬೆಳಗ್ಗೆ ಅವಳೇ ಹಾಕಿದ್ದಳು, ಟಿಕ್, ಎಳೆದು ನೋಡಿದ್ದಳು, ಹಾಕಿದ್ದು ತೆರೆದಿತ್ತು. ವಿಡಿಯೊದ ಮೂವತ್ಮೂರನೇ ನಿಮಿಷದಲ್ಲಿ ಅವಳು ಅದನ್ನು ಅಧಿಕಾರಿಗೆ ಹೇಳಿದ್ದಾಳೆ, ಕೊಕ್ಕೆ ತೆರೆದಿತ್ತು ಎಂದು, ಅದರ ಮುಂದಿನ ವಾಕ್ಯವನ್ನೂ ಹೇಳಿದ್ದಾಳೆ, ಹೇಳಿದ ಮೇಲೆ ಕುರ್ಚಿಯಿಂದ ಕೆಳಗೆ ಜಾರಿದಾಗ ಬಾಯಿಂದ ಬಂದ ಸದ್ದಿನ ಗುರುತು ಅವಳಿಗೇ ಸಿಗಲಿಲ್ಲ.

ಅದೇ ನಮ್ಮ ಜೀವಾಳ, ಎಂದಿದ್ದರು ಎಸ್ಟ್ರಾಡಾ, ಐವತ್ತು ಸೆಕೆಂಡು ನೋಡಿದ ಊರಿಗೆ ಪೂರ್ತಿ ನಲವತ್ತೊಂದು ನಿಮಿಷ ಹಾಕಿ ತೋರಿಸೋಣ, ಆ ಮೂವತ್ಮೂರನೇ ನಿಮಿಷ ಕೇಳಿದ ಮೇಲೂ ನಿಮ್ಮ ಮೇಲೆ ಅನುಮಾನ ಪಡೋ ಒಬ್ಬ ಮನುಷ್ಯ ಇದ್ದರೆ ನಾನು ವಕೀಲಿಕೆ ಬಿಡ್ತೀನಿ, ಗೆಲ್ತೀವಿ ಮಾರ್ಲಾ, ಮಾನದಿಂದ ಮನೆಗೆ ಹೋಗ್ತೀರಿ. ರಾಯ್ಸ್ ಅಲ್ಲಿ ಇರಬಾರದು, ಎಂದಳು ಮಾರ್ಲಾ. ಮೊದಲನೇ ಸಾಲಲ್ಲೇ ಕೂರ್ತೀನಿ ಅಂತಾರಲ್ಲ, ತಂದೆಯನ್ನ ಹೊರಗೆ ಕಳಿಸೋಕೆ ನನಗಾಗಲ್ಲ, ಕಳಿಸಿದ್ರೂ ಸಂಜೆ ಪೇಪರಲ್ಲಿ ಬರ್ತದೆ. ಆ ಭಾಗ ಬಿಟ್ಟು ಮಿಕ್ಕಿದ್ದು ಹಾಕಿದರೆ? ಆ ಭಾಗ ಬಿಟ್ಟರೆ ಉಳಿಯೋದು ಡಿಗ್ರಿ ಹೇಳೋ ಹೆಂಗಸು. ಒಂದು ಕಾಗದ ವಿಚಾರಣೆಗೆ, ಇನ್ನೊಂದು ಸರಕಾರಿ ವಕೀಲರು ಕೊಟ್ಟದ್ದು — ಅಪಾಯ ತಿಳಿದಿದ್ದೂ ಮಗುವನ್ನು ಕಾರಿನಲ್ಲಿ ಬಿಟ್ಟೆ ಎಂದು ಒಪ್ಪಿಕೊಂಡರೆ ವಿಚಾರಣೆ ಇಲ್ಲ, ಜೈಲಿಲ್ಲ, ಹತ್ತು ವರ್ಷ ಕೋರ್ಟಿನ ನಿಗಾ, ಮತ್ತೆಂದೂ ಪಾಠ ಹೇಳುವಂತಿಲ್ಲ, ವಿಡಿಯೊ ಕಡತದೊಳಗೆ ಹೋಗುತ್ತದೆ, ಯಾರೂ ಕೇಳುವುದಿಲ್ಲ. ತಿಳಿದಿದ್ದೂ ಅನ್ನೋ ಪದದ ಅರ್ಥ ಗೊತ್ತಾಗ್ತಿದೆಯಾ ನಿಮಗೆ, ಎಸ್ಟ್ರಾಡಾ ಕನ್ನಡಕ ತೆಗೆದು ಕೇಳಿದರು, ಇಡೀ ಊರು ಅಂದದ್ದಕ್ಕೆ ನೀವೇ ಸಹಿ ಹಾಕಿದ ಹಾಗೆ, ನಿಮ್ಮ ಗಂಡನೂ ಅದನ್ನೇ ಓದ್ತಾರೆ. ಗೊತ್ತಾಗ್ತಿದೆ, ಪೆನ್ನು ಕೊಡಿ. ಈಗ ಕೋರ್ಟಿನ ಬಾಗಿಲು ತೆಗೆದು ಯಾರೋ ಹೆಸರು ಕೂಗುತ್ತಾರೆ, ಟಿಡ್‌ವೆಲ್, ಮಾರ್ಲಾ ಟಿಡ್‌ವೆಲ್, ರಾಯ್ಸ್ ಅವಳ ಮೊಣಕೈ ಹಿಡಿದು ಎಬ್ಬಿಸುತ್ತಾನೆ, ಜೋರಾಗಿ ಹೇಳು ಹನಿ, ಹಿಂದಿನ ಬೆಂಚಿಗೂ ಕೇಳ್ಬೇಕು, ಒಳಗೆ ಇನ್ನೂ ತಣ್ಣಗೆ, ಮರದ ಹೊಳಪಿನ ವಾಸನೆ, ಜಡ್ಜ್ ಅವಳ ಅಪ್ಪನ ವಯಸ್ಸಿನವರು, ಮಾತು ಮೆತ್ತಗೆ, ಮಿಸೆಸ್ ಟಿಡ್‌ವೆಲ್, ನಿಮ್ಮ ಮೇಲಿನ ಆರೋಪ ಕೇಳಿದಿರಿ, ಏನು ಹೇಳ್ತೀರಿ. ತಪ್ಪು ಮಾಡಿದೀನಿ, ಒಪ್ಕೋತೀನಿ. ಜೋರಾಗಿಯೇ ಬಂತು, ಹಿಂದಿನ ಬೆಂಚಿಗೂ ಕೇಳುವ ಹಾಗೆ, ಯಾರೋ ಉಸಿರೆಳೆದರು, ನಾನು ಹೇಳ್ಲಿಲ್ವಾ, ಬೆಂಚು ಕಿರುಗುಟ್ಟಿತು, ರಾಯ್ಸ್, ಏನಂದೆ, ಮಾರ್ಲಾ, ಏನಂದೆ ನೀನು, ಕೂತ್ಕೊಳ್ಳಿ ಸರ್, ಅವಳು ತಿರುಗಬಾರದಿತ್ತು, ತಿರುಗಿದಳು, ಅವನ ಮುಖದ ಮೇಲೆ ಎದುರು ಬೆಂಚಿನ ಹೆಂಗಸರ ನೋಟ ಬಂದು ಕೂತಿದೆ, ಒಂದು ವರ್ಷ ಎಲ್ಲರ ಮುಖದಲ್ಲೂ ನೋಡಿದ್ದು, ಅವನೊಬ್ಬನ ಮುಖದಲ್ಲಿ ನೋಡದೇ ಇದ್ದದ್ದು, ಇರಲಿ, ಅನುಮಾನಪಡಲಿ, ಅನುಮಾನದ ಮೇಲೆ ಮನುಷ್ಯ ಬದುಕುತ್ತಾನೆ, ಸಿಟ್ಟಿನ ಮೇಲೆ ಬದುಕುತ್ತಾನೆ, ಅವನು ಬದುಕಲಿ. ಈ ಕಡೆ ನೋಡಿ ಮಿಸೆಸ್ ಟಿಡ್‌ವೆಲ್, ಇದನ್ನ ನಾನು ಎಲ್ಲರಿಗೂ ಕೇಳಲೇಬೇಕು, ನೀವು ತಪ್ಪು ಮಾಡಿದೀರಿ ಅನ್ನೋ ಕಾರಣಕ್ಕೇ ಒಪ್ಕೊಳ್ತಿದೀರಿ, ಬೇರೆ ಯಾವ ಕಾರಣಕ್ಕೂ ಅಲ್ಲ, ಹೌದಾ? ಹೌದು ಸರ್, ಬೇರೆ ಯಾವ ಕಾರಣಕ್ಕೂ ಅಲ್ಲ — ಎನ್ನುತ್ತಾಳೆ, ಎನ್ನುವಾಗಲೇ ಬಾಗಿಲು ತೆರೆಯುತ್ತದೆ, ಪೆಟ್ಟಿಗೆ ಕೈಯಲ್ಲಿದೆ, ಮೂರೂ ಇಪ್ಪತ್ತು, ಎದೆಯ ಮೇಲೆ ಕೊಕ್ಕೆ ಬಿಚ್ಚಿಕೊಂಡು ಬಿದ್ದಿದೆ, ಕೆಳಗೆ ಕೆಂಪು ಗುಂಡಿ, ಗುಂಡಿಯ ಮೇಲೆ ಹೆಬ್ಬೆರಳು, ಇನ್ನೂ ಅಲ್ಲೇ, ಪುಟ್ಟ ಹೆಬ್ಬೆರಳು