ಚಿಕ್ಕಹನುಮಯ್ಯನ ಬಂದೂಕಿನ ಹುಟ್ಟೂರು

ದೊಡ್ಡರಂಗಯ್ಯ ಚಿಕ್ಕಹನುಮಯ್ಯನ ಹೆಣದ ಪಕ್ಕದಲ್ಲಿದ್ದ ಬಂದೂಕನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ತಂದರು. ಗಂಡನ ತಲೆದೆಸೆಯಲ್ಲಿ ಕುಳಿತಿದ್ದ ಓಬಮ್ಮ ಅರ್ಧ ಎದ್ದವಳು, ಸುತ್ತ ಹೆಂಗಸರಿದ್ದಾರೆಂದು ಮತ್ತೆ ಕುಳಿತಳು.

ಬಿಳಿಗೆರೆಯ ಸುತ್ತಿನ ಎಂಟು ತೆಂಗಿನ ತೋಟಗಳನ್ನು ಚಿಕ್ಕಹನುಮಯ್ಯ ಹದಿನಾರು ವರ್ಷ ಕಾದದ್ದು ಈ ಬಂದೂಕು ಹಿಡಿದು. ಒಂದು ಕಾಯಿಯೂ ಕಳುವಾಗಿರಲಿಲ್ಲ. ಆದರೆ ಬಂದೂಕು ಎಲ್ಲಿಯದೆಂದು ಕೇಳಿದವರಿಗೆಲ್ಲ ಅವನು ಒಂದೊಂದು ಊರು ಹೇಳಿದ್ದ. ಮೇಷ್ಟ್ರಿಗೆ ಜರ್ಮನಿ, ಕೊಬ್ಬರಿ ವ್ಯಾಪಾರಿಗಳಿಗೆ ಬರ್ಮಾ, ಹೆಂಡತಿಯ ತವರಿನವರಿಗೆ ಮೈಸೂರು ಅರಮನೆ. ಸಾವಿಗೆ ಬಂದವರು ಬೆಳಿಗ್ಗೆಯಿಂದ ಅತ್ತದ್ದಕ್ಕಿಂತ ಇದರ ಬಗ್ಗೆ ವಾದಿಸಿದ್ದೇ ಹೆಚ್ಚು.

ಇನ್ನು ಮೇಲೆ ಕಾವಲು ತಾನೇ ನೋಡಿಕೊಳ್ಳುತ್ತೇನೆಂದು ಓಬಮ್ಮ ಹೇಳಿದ್ದಳು. ಅವಳಿಗೆ ಬೇರೆ ಅನ್ನದ ದಾರಿ ಇರಲಿಲ್ಲ. ತೋಟದವರಲ್ಲಿ ಹಿರಿಯರಾದ ದೊಡ್ಡರಂಗಯ್ಯ ಬಂದೂಕಿನ ಮುಖ ನೋಡಿ ಒಪ್ಪಿದ್ದರು. ಈಗ ಅವರಿಗೆ, ಹೆಣ ಎತ್ತುವ ಮೊದಲು ಗೌರವಕ್ಕೆ ಒಂದು ಗುಂಡು ಹಾರಬೇಕು ಎನ್ನಿಸಿತ್ತು. ದಬ್ಬೇಘಟ್ಟದಿಂದ ಬಸ್ಸಿಗೆ ಬಂದಿಳಿದ ನಿವೃತ್ತ ಹವಾಲ್ದಾರ್ ಗಂಗಾಧರಯ್ಯನವರ ಕೈಗೆ ಬಂದೂಕು ಕೊಟ್ಟರು.

"ಮೊದ್ಲು ಇದರ ಹುಟ್ಟೂರು ಯಾವ್ದು ಹೇಳಿ. ಮಣ್ಣು ಮಾಡೋದ್ರೊಳ್ಗೆ ಇತ್ಯರ್ಥ ಆಗೋಗ್ಲಿ. ಆಮೇಲೆ ಒಂದೇಟು ಹಾರಿಸ್ಬುಡಿ."

*

ಚೀನಾ ಯುದ್ಧದ ಮರುವರ್ಷ ಚಿಕ್ಕಹನುಮಯ್ಯ ಅದನ್ನು ತಿಪಟೂರಿನ ಗುಜರಿಯವನಿಂದ ಗೋಣಿಯಲ್ಲಿ ಸುತ್ತಿ ತಂದಿದ್ದ. ಬದಲಿಗೆ ಮನೆಯ ತಾಮ್ರದ ಹಂಡೆ ಹೋಗಿತ್ತು. ಓಬಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವನೇ ಕರೆದು ನಳಿಕೆಯ ಬುಡದಲ್ಲಿದ್ದ ತೂತು ತೋರಿಸಿದ. ಮಿಲಿಟರಿಯವರು ಹಳೆಯದಾಯಿತೆಂದು ತೆಗೆದು, ಹುಡುಗರ ಕವಾಯತಿಗೆ ಕೊಡುವಾಗ, ಗುಂಡು ಹಾರದಂತೆ ಕೊರೆದ ತೂತು.

"ಹಂಡೆ ಕೊಟ್ಟು ತೂತು ತಂದ್ಯಾ?" ಎಂದಳು.

ಅವನು ಕುಡುಗೋಲಿನ ಹಿಡಿಗೆ ಹಾಕುವ ಅರಗನ್ನು ಕಾಸಿ ತೂತು ಮುಚ್ಚಿದ. ಪ್ರತಿ ಸೋಮವಾರ ಜಗಲಿಯ ಮೇಲೆ ಕೂತು, ದಾರಿಹೋಕರಿಗೆಲ್ಲ ಕಾಣುವಂತೆ, ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ. ವರ್ಷಕ್ಕೆರಡು ಸಲ ತೋಟದ ನಡುವೆ ನಿಂತು ಆಕಾಶಕ್ಕೆ ಗುರಿ ಹಿಡಿಯುತ್ತಿದ್ದ. ಬೇಲಿಯ ಹಿಂದೆ ಕೂತು ಪಟಾಕಿಗೆ ಕಿಡಿ ಮುಟ್ಟಿಸುತ್ತಿದ್ದವಳು ಓಬಮ್ಮ. ಒಮ್ಮೆ ಬತ್ತಿ ತೇವವಾಗಿ ತಡವಾಯಿತು. ಅವನು ತೋಳು ನಡುಗುವವರೆಗೂ ಗುರಿ ಇಳಿಸಲಿಲ್ಲ. ಕೊನೆಗೆ ಅದು ಸಿಡಿದ ಮೇಲೆ ಇಬ್ಬರೂ ಬೇಲಿಯ ಹಿಂದೆ ಕೂತು, ಬಾಯಿಗೆ ಬಟ್ಟೆ ಅಡ್ಡ ಹಿಡಿದು, ಬಹಳ ಹೊತ್ತು ನಕ್ಕಿದ್ದರು.

*

ಗಂಗಾಧರಯ್ಯ ಕನ್ನಡಕ ಹಾಕಿಕೊಂಡು ಕಬ್ಬಿಣದ ಮೇಲಿನ ಅಚ್ಚು ಓದಿದರು. ಬಂಗಾಳದ ಕಾರ್ಖಾನೆ, ನಲವತ್ತೆರಡನೇ ಇಸವಿ. ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಬಿಸಿಲಿಗೆ ಮೆತ್ತಗಾಗಿದ್ದ ಅರಗಿನೊಳಗೆ ಅವರ ಹೆಬ್ಬೆರಳು ಇಳಿಯಿತು.

ಅವರು ತಲೆಯೆತ್ತಿದರು. ಓಬಮ್ಮ ಅವರನ್ನೇ ನೋಡುತ್ತಿದ್ದಳು. ಗಂಗಾಧರಯ್ಯ ಬೆರಳು ತೆಗೆಯಲಿಲ್ಲ.

"ಯಾವ ದೇಶದ್ದು?" ದೊಡ್ಡರಂಗಯ್ಯ ಕೇಳಿದರು.

"ಬರ್ಮಾದ್ದೇ ಕಣ್ರೀ. ಹಾರಿಸೋದು ಮಾತ್ರ ಬ್ಯಾಡ. ಒಳಗೊಂದು ಗುಂಡು ಸಿಕ್ಕಂಡೈತೆ. ಯಾವಾಗ ಹೊರಡ್ತದೋ, ಯಾವ ಕಡೀಕೆ ಹೊರಡ್ತದೋ, ಹೇಳಕ್ಕಾಗಲ್ಲ."

ಅಂಗಳದಲ್ಲಿದ್ದವರು ಜಗಲಿಯವರೆಗೆ ಹಿಂದೆ ಸರಿದರು. ಹಾಗಾದರೆ ಅದನ್ನೂ ಅವನ ಜೊತೆಗೇ ಹೂತುಬಿಡುವುದು ಒಳ್ಳೆಯದೆಂದು ದೊಡ್ಡರಂಗಯ್ಯ ದೂರದಿಂದಲೇ ಹೇಳಿದರು.

ಓಬಮ್ಮ ಎದ್ದು ಬಂದಳು.

"ಯಾಕೆ ಹೂಳ್ತೀರ ಗೌಡ್ರೆ? ಹದಿನಾರು ವರ್ಷದಿಂದ ಅದರ ಜತೆ ಬಾಳ್ವೆ ಮಾಡಿವ್ನಿ. ಕೊಡಿ ಇತ್ಲಾಗೆ."

ಗಂಗಾಧರಯ್ಯ ತೂತಿನ ಮೇಲೆ ಅವಳ ಅಂಗೈ ಬರುವಂತೆ ನೋಡಿ ಕೊಟ್ಟರು.

ಚಟ್ಟ ಎದ್ದು ತೋಟಗಳ ದಾರಿ ಹಿಡಿಯಿತು. ಓಬಮ್ಮ ಬಂದೂಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದೆ ನಡೆದಳು. ನಳಿಕೆಯ ಬಾಯಿ ಯಾವ ಕಡೆ ತಿರುಗಿತೋ ಆ ಕಡೆ ಹೆಗಲು ಕೊಟ್ಟವರು ಬಗ್ಗಿದರು. ಚಟ್ಟ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಮೇಲೆ ಮಲಗಿದ ಚಿಕ್ಕಹನುಮಯ್ಯ, ಹೂವಿನ ಹಾರ ಕಿವಿಗೆ ಜಾರಿ, ತೋಟತೋಟಕ್ಕೂ ತಲೆಯಾಡಿಸುತ್ತಾ ಹೋದ.