ಕೈಪಿಡಿಗೆ ಸೇರದ ಸಾಲು

ಔಷಧಿ ದಾಸ್ತಾನಿಡುವ ಆ ಕಂಪನಿಯಲ್ಲಿ ಅಕ್ಕ ತಂಗಿ ಇಬ್ಬರೂ ಕೆಲಸಕ್ಕಿದ್ದರು. ಅಕ್ಕ ಕೆಳಗಿನ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ಪರದೆಯ ಮುಂದೆ ಕೂತು ಏಳು ಕೋಲ್ಡ್ ರೂಮುಗಳ ಅಲರ್ಟುಗಳನ್ನು ಕಾಯುತ್ತಿದ್ದಳು. ರೂಮಿನ ತಂಪು ಕಡಿಮೆಯಾದರೆ ಗಂಟೆ ಹೊಡೆಯುತ್ತದೆ, ಅಕ್ಕ ಫೋನೆತ್ತುತ್ತಾಳೆ. ಹಾಗಾಗಿ ಅವಳಿಗೆ ಗಂಟೆಯಮ್ಮ ಎಂದೇ ಹೆಸರು ಬಿದ್ದಿತ್ತು. ತಂಗಿ ಮೇಲಿನ ಮಹಡಿಯಲ್ಲಿ ಕೈಪಿಡಿ ಬರೆಯುವವಳು. ಇಷ್ಟು ದಿನ ಮನುಷ್ಯರಿಗೆ ಬರೆಯುತ್ತಿದ್ದಳು, ಅವರು ಯಾರೂ ಓದುತ್ತಿರಲಿಲ್ಲ. ಈಗ ಅಲರ್ಟು ಕಾಯಲು ತರಿಸಿದ ಎಐ ಏಜೆಂಟಿಗೆ ಬರೆಯಬೇಕಾಗಿ ಬಂತು. ಅದು ಒಂದಕ್ಷರ ಬಿಡದೆ ಓದುತ್ತದಂತೆ. ಅಂತೂ ಒಬ್ಬ ಓದುಗ ಸಿಕ್ಕಿದ, ಅವನ ಕಣ್ಣೋ ಅಕ್ಕನ ಕುರ್ಚಿಯ ಮೇಲೆ.

ಬರೆಯಬೇಕಾಗಿದ್ದದ್ದು ಚಿಕ್ಕದೊಂದು ಟೂಲಿನ ಬಗ್ಗೆ. ಏಜೆಂಟು ಕೇಳಿದಾಗ ಅದು ಅಲರ್ಟುಗಳ ಪಟ್ಟಿ ಕೊಡುತ್ತದೆ, ಅಷ್ಟೇ. ಏಜೆಂಟು ಓದಬಹುದು. ತಿದ್ದುವಂತಿಲ್ಲ, ಅಳಿಸುವಂತಿಲ್ಲ, ಗಂಟೆ ನಿಲ್ಲಿಸುವಂತಿಲ್ಲ.

"ಬರೀ ಓದೋದು ತಾನೆ, ಅದರಿಂದ ಯಾರಿಗೇನು ತೊಂದರೆ?" ಎಂದಿದ್ದ ಮ್ಯಾನೇಜರ್. ಅದೇ ವಾರ ಮಧ್ಯಾಹ್ನದ, ರಾತ್ರಿಯ ಪಾಳಿಯವರನ್ನು ಗೋದಾಮಿಗೆ ಎತ್ತಿಹಾಕಿ ಆ ಪಾಳಿಗಳನ್ನು ಏಜೆಂಟಿಗೆ ಕೊಟ್ಟ. ಬೆಳಗಿನ ಪಾಳಿ ಅಕ್ಕನದು. ಮುಂದಿನ ಸರದಿ ಯಾರದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ತಂಗಿ ಮೂರು ದಿನ ಅಕ್ಕನ ಪಕ್ಕದಲ್ಲಿ ಕೂತು ಬರೆದುಕೊಂಡಳು. ಗೊತ್ತಿದ್ದ ಒಂದನ್ನೂ ಅಕ್ಕ ಮುಚ್ಚಿಡಲಿಲ್ಲ.

"ಇದನ್ನ ಮೊದಲು ಬರ್ಕೋ," ಎಂದಳು. "ಗಂಟೆ ಹೊಡೀತಿದ್ರೆ ಫೋನಲ್ಲಿ ಮಾತು ಕೇಳಿಸಲ್ಲ. ಅದಕ್ಕೆ ನಾವು ಮೊದಲು 'ನೋಡಿದೆ' ಅಂತ ಒತ್ತಿ ಅದರ ಬಾಯಿ ಮುಚ್ಚಿಸ್ತೀವಿ, ಆಮೇಲೆ ಮೆಕ್ಯಾನಿಕ್‌ಗೆ ಫೋನು. 'ನೋಡಿದೆ' ಅಂದ್ರೆ ಸರಿಹೋಯ್ತು ಅಂತಲ್ಲ."

"ಆದ್ರೆ ಪಟ್ಟೀಲಿ 'ನೋಡಿದೆ' ಒತ್ತದೇ ಇರೋದು ಮಾತ್ರ ಬರುತ್ತೆ ಅಕ್ಕಾ. ಎಲ್ಲಾ ಕೊಡು ಅಂತ ಕೇಳಿದ್ರೆ ಮಾತ್ರ ಎಲ್ಲಾ ಕೊಡುತ್ತೆ."

"ಹಾಗಾದ್ರೆ ಎಲ್ಲಾ ಕೇಳು ಅಂತ ಬರಿ. ಒಂದ್ಸಲ ಕೂಗಿದ ರೂಮು ಸರಿಹೋಗೋ ತನಕ ಮತ್ತೆ ಕೂಗಲ್ಲ."

ತಂಗಿ ಬರೆದಳು. ಸಂಜೆ ಮೇಲೆ ಹೋಗಿ ಆ ಸಾಲನ್ನೇ ನೋಡುತ್ತ ಕೂತಳು. ಉಳಿದದ್ದನ್ನು ಯಾರು ಬೇಕಾದರೂ ಬರೆದಾರು, ಇದನ್ನು ಹೇಳಲು ಗಂಟೆಯಮ್ಮನೇ ಬೇಕು. ಇದನ್ನೂ ಒಪ್ಪಿಸಿಬಿಟ್ಟರೆ ಅಕ್ಕನನ್ನು ಯಾರು ಇಟ್ಟುಕೊಳ್ಳುತ್ತಾರೆ? ಏಜೆಂಟು ಒಂದೆರಡು ಸಲ ಮುಗ್ಗರಿಸಲಿ, ಆಗ ಇವರಿಗೆ ಅಕ್ಕನ ಬೆಲೆ ತಿಳಿಯುತ್ತದೆ ಎಂದುಕೊಂಡು ಸಾಲನ್ನು ಅಳಿಸಿದಳು. ತಾನು ಭಾರೀ ಜಾಣೆ ಎಂದು ಹಿಗ್ಗಿದಳು ಬೇರೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಅಕ್ಕ ಬೈದು ಮತ್ತೆ ಬರೆಸುತ್ತಿದ್ದಳು.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ಗುರುವಾರ ಮಧ್ಯಾಹ್ನ ಎರಡಕ್ಕೆ, ಅಕ್ಕನ ಪಾಳಿ ಮುಗಿಯಲು, ಹತ್ತು ನಿಮಿಷವಿದ್ದಾಗ ನಾಲ್ಕನೇ ರೂಮಿನ ಗಂಟೆ ಹೊಡೆಯಿತು. ಅಕ್ಕ 'ನೋಡಿದೆ' ಒತ್ತಿ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ಬರುತ್ತೇನೆಂದ ಮೆಕ್ಯಾನಿಕ್. ಮೊದಲಾದರೆ ಮುಂದಿನ ಪಾಳಿಯವನಿಗೆ ಬಾಯಲ್ಲಿ ಹೇಳಿ ಹೋಗುತ್ತಿದ್ದಳು. ಈಗ ಕುರ್ಚಿಗೆ ಹೇಳಬೇಕಿತ್ತೆ? ಏಜೆಂಟು ನೋಡಿಕೊಳ್ಳುತ್ತದೆಂದು ಮನೆಗೆ ಹೊರಟಳು. ಮೆಕ್ಯಾನಿಕ್ ಇನ್ನೊಂದು ಕೆಲಸಕ್ಕೆ ಹೋಗಿ ಇದನ್ನು ಮರೆತ. ಏಜೆಂಟು ಹದಿನೈದು ನಿಮಿಷಕ್ಕೊಮ್ಮೆ ಪಟ್ಟಿ ತರಿಸಿ, ಯಾವ ಅಲರ್ಟೂ ಇಲ್ಲವೆಂದು ಬಹಳ ವಿನಯದಿಂದ ಬರೆಯುತ್ತಲೇ ಇತ್ತು. ಮರುದಿನ ಬೆಳಿಗ್ಗೆ ನಾಲ್ಕನೇ ರೂಮಿನ ಮಕ್ಕಳ ಲಸಿಕೆಯನ್ನೆಲ್ಲ ಎಸೆಯಬೇಕಾಯಿತು.

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಏಜೆಂಟು ಏನನ್ನೂ ಮುಟ್ಟಿಲ್ಲ, ಕೈಪಿಡಿಯಲ್ಲಿದ್ದಂತೆ ನಡೆದಿದೆ. ಮೆಕ್ಯಾನಿಕ್ ಹೊರಗಿನವನು, ಫೋನೇ ಬಂದಿಲ್ಲವೆಂದು ಕೈ ತೊಳೆದುಕೊಂಡ.

"ನೋಡಿದವರು ನೀವು. ನಿಮ್ಮ ಹೆಸರೇ ಇದೆ," ಎಂದ ಮ್ಯಾನೇಜರ್.

"'ನೋಡಿದೆ' ಅಂದ್ರೆ ಸರಿಹೋಯ್ತು ಅಂತಲ್ಲ, ಅದನ್ನ ಕೈಪಿಡಿಗೆ ಅಂತ ಹೇಳಿದ್ದೆ," ಎಂದಳು ಅಕ್ಕ.

ತಂಗಿಯನ್ನು ಕರೆಸಿ ಕೈಪಿಡಿ ಓದಿಸಿದರು. ಅವಳು ಮೊದಲಿಂದ ಕೊನೆಯವರೆಗೆ ಓದಿದಳು. ಆ ಮಾತು ಎಲ್ಲೂ ಬರಲಿಲ್ಲ. ನಾನೇ ಅಳಿಸಿದೆ ಎಂಬ ಎರಡು ಪದ ನಾಲಿಗೆಯ ತುದಿಗೆ ಬಂದವು. ತನ್ನ ಕೆಲಸವೂ ಹೋಗುತ್ತದಲ್ಲ ಎಂಬ ಹೆದರಿಕೆ ಅವನ್ನು ಹಿಂದಕ್ಕೆ ನೂಕಿತು. ಅಕ್ಕನನ್ನು ಆ ವಾರವೇ ಮನೆಗೆ ಕಳಿಸಿದರು. ಕೈಪಿಡಿಗೆ ಆ ಸಾಲು ಸೇರಿಸಲು ಹೇಳಿದರು. ಅಕ್ಕನ ಮಾತು ಬಾಯಿಪಾಠವಾಗಿತ್ತು, ತಂಗಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಈಗ ಏಜೆಂಟು ಮುಗ್ಗರಿಸುವುದಿಲ್ಲ, ಬೆಳಗಿನ ಪಾಳಿಯೂ ಅದರದೇ.

ಭಾನುವಾರ ತಂಗಿ ಅಕ್ಕನ ಮನೆಗೆ ಹೋದಳು. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು.

"ನೀನು ಬರೆದಿದ್ದೆ ತಾನೆ?" ಎಂದು ಕೇಳಿದಳು, ತಲೆ ಎತ್ತದೆ.

"ಬರೆದಿದ್ದೆ ಅಕ್ಕಾ. ಉದ್ದ ಆಯ್ತು ಅಂತ ಮ್ಯಾನೇಜರ್ ತೆಗೆಸಿದ."

ಅಕ್ಕ ನಿಟ್ಟುಸಿರು ಬಿಟ್ಟಳು. ವಿಚಾರಣೆಯಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು.

"ಹಾಗೇ ಅಂದ್ಕೊಂಡೆ. ನೀನು ಬಿಡೋಳಲ್ಲ ಅಂತ ಗೊತ್ತಿತ್ತು, ಅದಕ್ಕೇ ಅವತ್ತು ನೆಮ್ಮದಿಯಾಗಿ ಮನೆಗೆ ಬಂದೆ," ಎನ್ನುತ್ತ ಬಟ್ಟೆ ಸರಿಸಿ ಜಾಗ ಮಾಡಿದಳು. "ಬಾ, ಕೂತ್ಕೋ. ಕೆಲಸ ಹೋಗಿದ್ದು ನಂದು, ನೀನ್ಯಾಕೆ ಅಳ್ತೀಯ."