ಅತ್ತೆಯ ಹಕ್ಕಿ

ಟಿಣ್ ಎಂದಿತು.

ಸರಿರಾತ್ರಿಯಲ್ಲಿ ಆಸ್ಪತ್ರೆಯ ಸಂಶೋಧನೆಯ ಕೋಣೆ ಒರೆಸುತ್ತಿದ್ದ ಬಕೆಟ್ಟಮ್ಮ ನಿಂತಲ್ಲೇ ಕಲ್ಲಾದಳು. ಒರೆಸುಕೋಲಿನ ತುದಿ ಗಾಜಿನ ಕಪಾಟಿಗೆ ತಾಗಿ, ಒಳಗಿನ ಸೀಸೆಯೊಂದು ಪಕ್ಕದ ಸೀಸೆಗೆ ಮುತ್ತು ಕೊಟ್ಟಿತ್ತು, ಅಷ್ಟೆ. ಆದರೆ ಈ ಕೋಣೆಯಲ್ಲಿ ಸೀಸೆಗೊಂದು ಗೀರು ಬಿದ್ದರೂ ಸಾಕು, "ನಿಮ್ಮಂಥ ದನಗಳಿಗೆ ಯಾರು ಕೆಲಸ ಕೊಟ್ಟಿದ್ದು" ಎಂದು ಡಾಕ್ಟರು ಶುರುಮಾಡುತ್ತಿದ್ದರು, "ನಾಳೆಯಿಂದ ಬರಬೇಡ" ಎಂದು ಗುತ್ತಿಗೆದಾರ ಮುಗಿಸುತ್ತಿದ್ದ. ಹಿಂದಿದ್ದವಳು ಹಾಗೆಯೇ ಹೋಗಿದ್ದಳು.

ಬಕೆಟ್ಟಮ್ಮ ಗಾಜಿಗೆ ಮೂಗೊತ್ತಿ ನೋಡಿದಳು. ಏನೂ ಒಡೆದಿರಲಿಲ್ಲ. ಸೀಸೆಯೊಳಗಿನಿಂದ ಒಂದು ಹಕ್ಕಿ ಅವಳನ್ನೇ ನೋಡುತ್ತಿತ್ತು.

ಹಚ್ಚೆಯ ಹಕ್ಕಿ. ಒಂದು ರೆಕ್ಕೆ ಉದ್ದ, ಒಂದು ಗಿಡ್ಡ. ಹೊಟ್ಟೆ ಉಬ್ಬಿಕೊಂಡಿತ್ತು.

ಆ ಹಕ್ಕಿಯನ್ನು ಅವಳು ಮದುವೆಯಾಗಿ ಬಂದಾಗಿನಿಂದ ಬಲ್ಲಳು. ಅದು ಅತ್ತೆಯ ಹೆಗಲ ಮೇಲಿತ್ತು. ಚಿಕ್ಕಂದಿನಲ್ಲಿ ಅತ್ತೆಯೂ ಅವಳ ಅಕ್ಕನೂ ದೀಪದ ಮಸಿ ಹಚ್ಚಿ, ಒಂದೇ ಸೂಜಿಯಲ್ಲಿ ಒಬ್ಬರಿಗೊಬ್ಬರು ಚುಚ್ಚಿಕೊಂಡದ್ದು. ನೋವು ತಾಳಲಾರದೆ ಅತ್ತೆ ನಡುವೆಯೇ ಎದ್ದು ಓಡಿದ್ದರಿಂದ ಒಂದು ರೆಕ್ಕೆ ಗಿಡ್ಡವಾಗಿ ಉಳಿಯಿತು. ಅಕ್ಕ ಯಾವಾಗಲೋ ತೀರಿಹೋದಳು. ವಯಸ್ಸಾದ ಮೇಲೆ ಹಕ್ಕಿಯ ಕೆಳಗೆ ಗಂಟೊಂದು ಎದ್ದಿತು. "ನೋಡ್ರೇ, ನನ್ನ ಹಕ್ಕಿ ಬಸುರಿ" ಎಂದು ಅತ್ತೆ ಓಣಿಯ ಹೆಂಗಸರಿಗೆಲ್ಲ ತೋರಿಸಿ ನಗಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಗಂಟನ್ನು ಹಕ್ಕಿಯ ಚರ್ಮದ ಸಮೇತ ಪುಕ್ಕಟೆಯಾಗಿ ಕೊಯ್ದರು. ಎಚ್ಚರವಾದ ಕೂಡಲೇ ಮುದುಕಿ ಕೇಳಿದ್ದು ನೀರನ್ನಲ್ಲ, ಹಕ್ಕಿಯನ್ನು. "ಅದು ಕಸ ಅಜ್ಜಿ, ಸುಟ್ಟಾಯ್ತು" ಎಂದಿದ್ದರು ಡಾಕ್ಟರು.

ಬೆಳಗ್ಗೆ ಮನೆಗೆ ಬಂದಾಗ ಅತ್ತೆ ಹೊಲಿಗೆ ಯಂತ್ರದ ಮುಂದಿದ್ದಳು.

"ಅತ್ತೆ, ನಿಮ್ಮ ಹಕ್ಕಿ ಸುಟ್ಟಿಲ್ಲ. ಸೀಸೇಲಿ ನೆನೆಹಾಕಿಟ್ಟಿದ್ದಾರೆ. ಬಂದೋರಿಗೆಲ್ಲ ತೋರಿಸ್ತಾರಂತೆ."

ಚಕ್ರ ನಿಂತಿತು. "ಯಾರನ್ನ ಕೇಳಿ ತೋರಿಸ್ತಾನೆ ಆ ಬೋಳಿಮಗ?"

"ನೀವೂ ಓಣಿಗೆಲ್ಲ ತೋರಿಸ್ತಿದ್ರಲ್ಲ."

"ನಾನು ತೋರಿಸೋದು ಬೇರೆ ಕಣೇ, ಅವನು ತೋರಿಸೋದು ಬೇರೆ."

ಮುದುಕಿಯ ಹೊಲಿಗೆಗೊಂದು ನೇಮವಿತ್ತು. ಅಂಗಿ ಹೊಲಿದು ಉಳಿದ ತುಂಡು ಅಂಗೈಯಗಲ ಇದ್ದರೂ ಸುರುಳಿ ಸುತ್ತಿ, ದಾರ ಕಟ್ಟಿ, ಅಂಗಿಯ ಜೊತೆಗೇ ಕೊಡುವುದು. ಬೇಕೆನಿಸಿದರೆ ಕೇಳಿ ಇಟ್ಟುಕೊಳ್ಳುವುದು. ಕೇಳದೆ ಇಟ್ಟುಕೊಂಡವರನ್ನು ಅವಳು ದರ್ಜಿ ಎನ್ನುತ್ತಿರಲಿಲ್ಲ, ಬೇರೆ ಏನೋ ಅನ್ನುತ್ತಿದ್ದಳು.

"ನಾನು ನಿಮ್ಮ ಸೊಸೆ ಅಂತ ಮಾತ್ರ ಬಾಯಿ ಬಿಡಬೇಡಿ ಅತ್ತೆ. ಕೆಲಸ ಹೋಗುತ್ತೆ."

"ನನ್ನ ಬಾಯಿ ನನಗೆ ಗೊತ್ತಿಲ್ವಾ?"

ಅದೇ ಭಯ ಸೊಸೆಗೆ. ಮಾರನೆಯ ದಿನ ಡ್ಯೂಟಿ ಮುಗಿದರೂ ಹೋಗದೆ, ಹೊರಗಿನ ಪಡಸಾಲೆಯಲ್ಲಿ ಒರೆಸಿದ್ದನ್ನೇ ಒರೆಸುತ್ತ ನಿಂತಳು. ಡಾಕ್ಟರು ವಿದ್ಯಾರ್ಥಿಗಳ ಹಿಂಡಿನೊಂದಿಗೆ ಬಂದರು. ಮುದುಕಿ ಅಡ್ಡ ನಿಂತಳು.

"ನನ್ನ ಹಕ್ಕಿ ಕೊಡಿ ಡಾಕ್ಟ್ರೇ."

"ಅದು ಇದೆ ಅಂತ ನಿನಗೆ ಯಾರು ಹೇಳಿದ್ದು?"

"ಹಕ್ಕೀನೇ ಕನಸಲ್ಲಿ ಬಂದು ಹೇಳ್ತು."

"ಅಜ್ಜೀ, ಮೈಯಿಂದ ಹೊರಗೆ ಬಂದ ಮೇಲೆ ಅದು ನಿನ್ನದಲ್ಲ. ಆಸ್ಪತ್ರೆಯದು."

"ಹಂಗಾ? ನನ್ನ ಮಗನೂ ನನ್ನ ಮೈಯಿಂದಾನೇ ಬಂದಿದ್ದು, ಇದೇ ಆಸ್ಪತ್ರೇಲಿ. ಅವನನ್ನೂ ಇಟ್ಕೊಳ್ಳಿ. ಮೂರು ಹೊತ್ತು ತಿನ್ನೋದು ಬಿಟ್ಟು ಬೇರೆ ಕೆಲಸ ಬರಲ್ಲ, ಸೀಸೆ ದೊಡ್ಡದೇ ಬೇಕು."

ವಿದ್ಯಾರ್ಥಿಗಳು ಕಿಸಕ್ಕೆಂದರು. ಡಾಕ್ಟರ ಕಿವಿ ಕೆಂಪೇರಿತು. "ಹೆಬ್ಬೆಟ್ಟು ಒತ್ತಿದ್ದೀಯ ನೀನು."

"ಕೊಯ್ಯೋಕೆ ಒತ್ತಿದೆ. ಇಟ್ಕೊಳ್ತೀವಿ ಅಂತ ಯಾರು ಕೇಳಿದ್ರು? ಅಂಗಿ ಹೊಲಿಯೋಕೆ ಕೊಟ್ರೆ ಉಳಿದ ಬಟ್ಟೆ ದರ್ಜೀದಾ?"

"ಪುಕ್ಕಟೆ ಕೊಯ್ಸಿಕೊಂಡು ಕಾನೂನು ಮಾತಾಡ್ತಾಳೆ, ಕೊಳಕು ಮುದುಕಿ. ಆ ಗಂಟಿಂದ ನಾಳೆ ಎಷ್ಟು ಜನ ಬದುಕ್ತಾರೆ ಗೊತ್ತಾ ನಿನಗೆ?"

"ಹೇಳಿದ್ರಲ್ವಾ ಗೊತ್ತಾಗೋದು. ಕೇಳಿದ್ರೆ ಗಂಟು ನಾನೇ ಕೊಡ್ತಿದ್ದೆ. ಓದ್ಕೊಳ್ಳಿ, ಯಾರಿಗಾದ್ರೂ ಒಳ್ಳೇದಾಗ್ಲಿ. ಹಕ್ಕಿ ಮಾತ್ರ ಕತ್ತರಿಸಿ ಕೊಟ್ಬಿಡಿ."

"ಏಯ್ ಬಕೆಟ್ಟಮ್ಮ, ಈ ಕಸಾನ ಆಚೆ ಗುಡಿಸು."

ಬಕೆಟ್ಟಮ್ಮ ಬಂದು ಅತ್ತೆಯ ತೋಳು ಹಿಡಿದಳು. ಮುದುಕಿ ಕೊಸರಿಕೊಂಡಳು. "ಕೈ ಬಿಡೇ ಹಡಬೆ, ಯಾರೇ ನೀನು?" ಹಾಗೆನ್ನುತ್ತಲೇ ಸೆರಗಿನ ಮರೆಯಲ್ಲಿ ಸೊಸೆಯ ಬೆರಳನ್ನು ಒಮ್ಮೆ ಅದುಮಿದಳು.

ಹೊರಗಿನ ಮೆಟ್ಟಿಲ ಮೇಲೆ ಕುಳಿತಾಗ ಮಾತ್ರ ಅವಳ ದನಿ ಇಳಿದಿತ್ತು. "ಅಲ್ಲಿ ಅಕ್ಕ ಕಾಯ್ತಾ ಕೂತಿರ್ತಾಳೆ. ನಿನ್ನ ಹಕ್ಕಿ ಎಲ್ಲೇ ಅಂದ್ರೆ ಏನನ್ಲಿ? ಕಸ ಅಂದ್ರು ಅನ್ಲಾ?"

ಮುಂದಿನ ವಾರ ಬಕೆಟ್ಟಮ್ಮನಿಗೆ ಹಗಲು ಪಾಳಿ. ಡಾಕ್ಟರು ಊಟಕ್ಕೆ ಹೋದ ಹೊತ್ತಿನಲ್ಲಿ ಅವಳು ಸೊಂಟದಿಂದ ಅತ್ತೆಯ ಕತ್ತರಿ ತೆಗೆದಳು. ಮುಚ್ಚಳ ಬಿಚ್ಚುತ್ತಲೇ ಘಾಟು ಕಣ್ಣಿಗೆ ನುಗ್ಗಿ ಬಳಬಳ ನೀರು ಸುರಿಯಿತು. ಆದರೂ ಕತ್ತರಿ ರೆಕ್ಕೆಯ ಅಂಚು ತಪ್ಪಲಿಲ್ಲ. ಗಂಟನ್ನು ಹಾಗೆಯೇ ಬಿಟ್ಟಳು. ಹಕ್ಕಿಯನ್ನು ಚಿಕ್ಕ ಔಷಧಿ ಸೀಸೆಗಿಳಿಸಿ, ಅದೇ ಘಾಟು ನೀರು ಸ್ವಲ್ಪ ಹುಯ್ದು, ಬಿರಡೆ ಬಿಗಿದು, ಬಕೆಟ್ಟಿನ ಕರೀ ನೀರಿನ ತಳಕ್ಕೆ ಬಿಟ್ಟಳು.

ಬಾಗಿಲ ಕಾವಲುಗಾರ ಎಲ್ಲರ ಚೀಲಗಳಿಗೂ ಕೈ ಹಾಕುವವನು. ಈ ಬಕೆಟ್ಟು ಹತ್ತಿರ ಬಂದರೆ ಮೂಗು ಮುಚ್ಚಿ ಮುಖ ತಿರುಗಿಸುತ್ತಿದ್ದ. ಅವತ್ತೂ ತಿರುಗಿಸಿದ. ಆ ಅಸಹ್ಯದಿಂದ ಅವಳಿಗೆ ಮೊದಲ ಬಾರಿ ಒಂದು ಉಪಕಾರವಾಯಿತು.

"ಗಂಟು?" ಎಂದಳು ಅತ್ತೆ, ಮನೆಯಲ್ಲಿ ಸೀಸೆ ಕೈಗೆ ತೆಗೆದುಕೊಂಡು.

"ಅಲ್ಲೇ ಬಿಟ್ಟೆ."

"ಸರಿ ಮಾಡ್ದೆ. ನಾವೇನು ಕಳ್ಳರಾ?" ಮುದುಕಿ ಸೀಸೆಗೆ ಅಳತೆ ಹಿಡಿದು ಬಟ್ಟೆಯ ಚೀಲ ಹೊಲಿಯತೊಡಗಿದಳು. "ನಾನು ಹೋದಾಗ ಇದನ್ನ ಸೊಂಟಕ್ಕೆ ಕಟ್ಟಿ ಕಳಿಸು."

ಮರುದಿನ ಬೆಳಗ್ಗೆಯೇ ಡಾಕ್ಟರ ಕೂಗು ಪಡಸಾಲೆಯವರೆಗೂ ಕೇಳಿತು. ಗಂಟಿನ ಮೇಲೆ ಹಕ್ಕಿಯ ಆಕಾರದ್ದೊಂದು ಕಿಟಕಿ ಬಿದ್ದಿತ್ತು, ಒಂದು ರೆಕ್ಕೆ ಉದ್ದ, ಒಂದು ಗಿಡ್ಡ. ಪೊಲೀಸರಿಗೆ ದೂರು ಬರೆಯಲು ಗುಮಾಸ್ತನನ್ನು ಕರೆಸಿದರು. ಬಕೆಟ್ಟಮ್ಮ ಅದೇ ಕೋಣೆಯಲ್ಲಿ ನೆಲ ಒರೆಸುತ್ತಿದ್ದಳು.

ಗುಮಾಸ್ತ ಪೆನ್ನು ತೆಗೆದವನು ಹಾಗೆಯೇ ಹಿಡಿದುಕೊಂಡ. "ಸಾರ್, ಕಳವಾಗಿದ್ದು ಯಾರದು ಅಂತ ಕೇಳ್ತಾರೆ."

"ಆಸ್ಪತ್ರೆಯದು ಅಂತ ಬರಿ."

"ಆಸ್ಪತ್ರೆಗೆ ಚರ್ಮ ಎಲ್ಲಿಂದ ಬಂತು ಅಂತಾರೆ. ಆ ಅಜ್ಜೀನ ಕರೆಸ್ತಾರೆ. ಸುಟ್ಟಾಯ್ತು ಅಂದಿದ್ರಿ ನೀವು. ಅವಳ ಬಾಯಿ ಬೇರೆ ಗೊತ್ತಲ್ಲ ನಿಮಗೆ."

ಡಾಕ್ಟರು ಗುಮಾಸ್ತನನ್ನು ಕಳಿಸಿಬಿಟ್ಟರು. ಆಮೇಲೆ ಎದ್ದು, ಸೀಸೆಯ ಕಿಟಕಿಯ ಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟು, ಕುರ್ಚಿಗೆ ಬಂದು ಕುಳಿತರು. ಸೀಸೆಯ ಘಾಟಿಗೆ ಇನ್ನೂ ಕೆಂಪಾಗಿದ್ದ ಬಕೆಟ್ಟಮ್ಮನ ಕಣ್ಣುಗಳನ್ನು ನೋಡಿದರು.

"ಇಲ್ಲಿ ಏನೂ ನಡೆದಿಲ್ಲ. ನಾನು ಯಾರಿಗೂ ಹೇಳಲ್ಲ. ನೀನೂ ಬಾಯಿ ಬಿಡಬೇಡ."

"ಆಯ್ತು ಸಾರ್" ಎಂದಳು ಬಕೆಟ್ಟಮ್ಮ. ಒರೆಸುಬಟ್ಟೆಯನ್ನು ಹಿಂಡಿ ಕುರ್ಚಿಯ ಹತ್ತಿರ ತಂದಳು. "ಸ್ವಲ್ಪ ಕಾಲೆತ್ತಿ."

ಡಾಕ್ಟರು ಕಾಲೆತ್ತಿದರು.